ಕೂರುವ ಸಂಪಾದಕ

ಇಡೀ ಪತ್ರಿಕೆಯಲ್ಲಿ ಪೊಲೀಸ್ ಅಧಿಕಾರಿಗೆ ಓದಲು ಬರುತ್ತಿದ್ದದ್ದು ಒಂದೇ ಒಂದು ಸಾಲು. ಕೊನೆಯ ಪುಟದ ಅಡಿಯಲ್ಲಿ, ಸರ್ಕಾರದ ಅಪ್ಪಣೆಯಂತೆ ರಷ್ಯನ್ ಅಕ್ಷರಗಳಲ್ಲಿ ಇರುತ್ತಿದ್ದ ಸಾಲು ಅದು. ಯೆಹೂದಿಗಳ ಭಾಷೆಯ ಆ ಪತ್ರಿಕೆಯನ್ನು ಬಲದಿಂದ ಎಡಕ್ಕೆ ಓದಬೇಕು; ಅವನು ತನ್ನ ಅಭ್ಯಾಸದಂತೆ ಎಡಗಡೆಯಿಂದ ಶುರುಮಾಡಿದ. ಅದೇ ಕೊನೆಯ ಪುಟವೆಂದು ತಿಳಿಯದೆ ತಿರುವುತ್ತಾ ಹೋಗಿ, ಬಲತುದಿ ಮುಟ್ಟಿ, ಅದು ಮೊದಲನೆಯದೆಂದು ಗೊತ್ತಾಗಿ ಮತ್ತೆ ವಾಪಸು ಬಂದ. ಅಚ್ಚುಮೊಳೆ ಜೋಡಿಸುವವರು ತಲೆ ಬಗ್ಗಿಸಿ ನಗು ನುಂಗಿಕೊಂಡರು. ಪತ್ರಿಕೆ ನಡೆಸುತ್ತಿದ್ದ ಬ್ಲೂಮಾಳಿಗೆ ಮಾತ್ರ ನಗು ಬರಲಿಲ್ಲ. ಇನ್ನೊಂದೆರಡು ಸಲ ಹೀಗೇ ಹಿಂದೆ ಮುಂದೆ ಅಲೆದು ಬೇಸತ್ತು ಹೋಗಿಬಿಡಬಾರದೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಅವನು ಬೇಸರಪಡುವ ಜಾತಿಯವನಲ್ಲ. ಸಾಲಿನ ಮೇಲೆ ಬೆರಳಿಟ್ಟ.

"ಜವಾಬ್ದಾರಿ ಸಂಪಾದಕ, ಲೆವ್ಕೊವ್. ಯಾರಿಲ್ಲಿ ಲೆವ್ಕೊವ್?"

ಬ್ಲೂಮಾ ಬಾಯಿ ತೆರೆಯುವುದರೊಳಗೆ ಕಿಟಕಿಯ ಪಕ್ಕದಿಂದ ಅವಳ ಅಪ್ಪ ಎದ್ದು ನಿಂತರು. ರೆಬ್ ಕಲ್ಮನ್ ಎಂದು ವಿಲ್ನಾದ ಯೆಹೂದಿಗಳೆಲ್ಲ ಗೌರವದಿಂದ ಕರೆಯುತ್ತಿದ್ದ ಮುದುಕ. ಕಣ್ಣಿಗೆ ಪೊರೆ, ಕಿವಿ ಅರ್ಧ ಮಂದ. ಆದರೂ ತನ್ನ ಮನೆತನದ ಹೆಸರು ಮಾತ್ರ ಗೋಡೆಯಾಚೆ ಪಿಸುಗುಟ್ಟಿದರೂ ಕೇಳುತ್ತಿತ್ತು.

"ನಾನೇ ಸ್ವಾಮಿ," ಎಂದರು ತಮ್ಮ ಒರಟು ರಷ್ಯನ್ನಿನಲ್ಲಿ. ಆ ಭಾಷೆಯಲ್ಲಿ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. "ಕೋಟು ಹಾಕ್ಕೊಂಡು ಬಂದೆ. ಹೋಗೋಣ."

ಅಧಿಕಾರಿ ನಕ್ಕ. "ಅಯ್ಯೋ, ನೀನಲ್ಲ ತಾತ. ಇಲ್ಲಿ ಬೇರೆ ಹೆಸರಿದೆ ನೋಡು, ಯೂ..."

ಬ್ಲೂಮಾ ಮೇಜಿನ ಮೇಲಿದ್ದ ಗ್ಯಾಲಿ ತಟ್ಟೆಗೆ ಮೊಣಕೈ ಕೊಟ್ಟಳು. ಬೆಳಗಿನಿಂದ ಜೋಡಿಸಿದ್ದ ಒಂದಿಡೀ ಪುಟದ ಸೀಸದ ಮೊಳೆಗಳು ಭೋರೆಂದು ನೆಲಕ್ಕೆ ಸುರಿದವು. ಅಚ್ಚುಮನೆಯಲ್ಲಿ ಮೊಳೆ ಚೆಲ್ಲುವುದೆಂದರೆ ಹಾಲು ಉಕ್ಕಿದಂತಲ್ಲ, ಕೂಸನ್ನು ಕೈಜಾರಿ ಬಿಟ್ಟಂತೆ. ಅಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ರೆಬ್ ಕಲ್ಮನ್ ಅಧಿಕಾರಿಯನ್ನೂ ಕೋಟನ್ನೂ ಮರೆತು ನೆಲಕ್ಕೆ ಕೂತು ತಡವರಿಸತೊಡಗಿದರು.

"ಕಣ್ಣೆಲ್ಲಿಟ್ಟಿದ್ದೆ? ಹುಟ್ಟಿದಾಗಿಂದ ಅಚ್ಚುಮನೇಲಿ ಬೆಳೆದೋಳು, ಇವತ್ತು ಹೊಸಬಳ ಹಾಗೆ! ನಿಮ್ಮಮ್ಮ ಇದ್ದಿದ್ರೆ ಕೈ ಮುರೀತಿದ್ಲು!"

ಆ ಗದ್ದಲದಲ್ಲಿ ಬ್ಲೂಮಾ ಅಧಿಕಾರಿಯನ್ನು ಮೆಲ್ಲಗೆ ಅಂಗಳಕ್ಕೆ ಕರೆದುಕೊಂಡು ಹೋದಳು. ಕೆಟ್ಟ ಮನುಷ್ಯನೇನಲ್ಲ ಅವನು. ಕೆಟ್ಟ ಸುದ್ದಿಯನ್ನು ನೆರಳಿನಲ್ಲಿ ನಿಂತು ಹೇಳುವಷ್ಟು ದಾಕ್ಷಿಣ್ಯವಿತ್ತು. ಪಕ್ಕದ ಊರಿನ ಗಲಭೆಯ ದಿನ ಸೈನಿಕರು ಗುಂಡು ಹೊಡೆದದ್ದು ಲೂಟಿಕೋರರ ಮೇಲಲ್ಲ, ಮನೆ ಉಳಿಸಿಕೊಳ್ಳಲು ನಿಂತ ಯೆಹೂದಿಗಳ ಮೇಲೆ ಎಂದು ಅವಳ ಪತ್ರಿಕೆ 'ದಿನದ ದನಿ' ಬರೆದಿತ್ತು. ಬರೆದದ್ದು ನಿಜವೇ. ನಿಜವೆಂಬುದೇ ಮೇಲಿನವರ ಸಿಟ್ಟು.

"ಶುಕ್ರವಾರ ಮಧ್ಯಾಹ್ನದೊಳಗೆ ಈ ಯೂ. ಕ. ಲೆವ್ಕೊವ್ ಠಾಣೆಗೆ ಬರ್ಬೇಕಮ್ಮ," ಎಂದ. "ಬಂದ್ರೆ ಆಸಾಮೀನ ಕೂರಿಸ್ತೀವಿ, ಒಂದು ಮೂರು ತಿಂಗಳು ಅನ್ಕೋ. ಪತ್ರಿಕೆ ನಡೀಲಿ. ಬರ್ಲಿಲ್ವಾ, ನಿನ್ನ ಯಂತ್ರಾನೇ ಕೂರಿಸ್ತೀವಿ. ಬಾಗಿಲಿಗೆ ಅರಗಿನ ಮುದ್ರೆ."

ಬ್ಲೂಮಾ ಅವನು ಹೋದ ಮೇಲೂ ಅಂಗಳದಲ್ಲೇ ಅತ್ತಿಂದಿತ್ತ ಓಡಾಡಿದಳು. ಒಳಗೆ ಅಪ್ಪನ ಬೈಗುಳ ನಿಂತಿರಲಿಲ್ಲ.

ಸಾವಿರದ ಒಂಬೈನೂರ ಐದರ ಕೊನೆಗೆ ಚಕ್ರವರ್ತಿ ಹೆದರಿ 'ಸ್ವಾತಂತ್ರ್ಯ ಕೊಟ್ಟಿದ್ದೇನೆ' ಎಂದು ಸಾರಿದಾಗ ವಿಲ್ನಾದಲ್ಲಿ ಪತ್ರಿಕೆಗಳು ಮಳೆಗೆ ನಾಯಿಕೊಡೆ ಎದ್ದ ಹಾಗೆ ಎದ್ದವು. ಮುಂಜಾನೆ ಹುಟ್ಟಿ ಸಂಜೆ ಸತ್ತವೂ ಇದ್ದವು. ಪ್ರತಿಯೊಂದಕ್ಕೂ ಇಬ್ಬರು ಸಂಪಾದಕರು ಬೇಕಾಗಿತ್ತು. ಬರೆಯುವವನೊಬ್ಬ, ಕೂರುವವನೊಬ್ಬ. ಪತ್ರಿಕೆಯ ಮೇಲೆ ಮೊಕದ್ದಮೆ ಬಿದ್ದಾಗ ಸೆರೆಮನೆಯಲ್ಲಿ ಹೋಗಿ ಕೂತುಬರಲು ಹೆಸರು ಕೊಟ್ಟವನೇ ಕೂರುವ ಸಂಪಾದಕ. "ನಮ್ಮ ಜನಕ್ಕೆ ಕೂರೋದೇನು ಹೊಸದಾ?" ಎನ್ನುತ್ತಿದ್ದ ಬ್ಲೂಮಾಳ ಮೇಸ್ತ್ರಿ ಗೆತ್ಸ್ಲ್. "ಸತ್ತೋರಿಗೆ ಏಳು ದಿನ ಮಣೆ ಮೇಲೆ ಕೂರ್ತೀವಿ, ಸರ್ಕಾರಕ್ಕೆ ಮೂರು ತಿಂಗಳು ಹಲಗೆ ಮೇಲೆ ಕೂರ್ತೀವಿ. ಎರಡಕ್ಕೂ ಒಂದೇ ಮಾತು."

ಬ್ಲೂಮಾ ತನ್ನ ಹೆಸರಿನಲ್ಲಿ ಪರವಾನಗಿ ಕೇಳಿದಳು, ಕೊಡಲಿಲ್ಲ. ಹೆಂಗಸು, ವಿಧವೆ, ಯೆಹೂದಿ; ಯಾವುದಕ್ಕೆ ಕೊಡಲಿಲ್ಲವೋ ಹೇಳಲಿಲ್ಲ. ಅಪ್ಪನ ಹೆಸರಿನಲ್ಲಿ ಕೇಳಿದಳು, ಅದಕ್ಕೂ ಇಲ್ಲ. ಆಗ ಉಳಿದದ್ದು ಒಂದೇ ಲೆವ್ಕೊವ್. ಜಿಲ್ಲಾ ನ್ಯಾಯಾಲಯದ ವಕೀಲ, ಚರ್ಚಿನ ನೀರು ಹಾಕಿಸಿಕೊಂಡ ಸಭ್ಯಸ್ಥ, ಯಾವ ಕಚೇರಿಯೂ ಇಲ್ಲ ಎನ್ನಲಾರದ ಹೆಸರು. ಅವಳ ಅಣ್ಣ ಯೂದ್ಲ್.

ಯೂದ್ಲ್ ಮತ ಬದಲಾಯಿಸಿದ್ದು ಬ್ಲೂಮಾಳಿಗೆ ಹದಿಮೂರು ತುಂಬಿದ ವರ್ಷ. ಯೆಹೂದಿಯಾಗಿದ್ದರೆ ವಕೀಲಿ ಕೋಟು ಹಾಕಲು ಬಿಡುತ್ತಿರಲಿಲ್ಲ. ಕೋಟು ಬೇಕಾಗಿತ್ತು, ನೀರು ಹಾಕಿಸಿಕೊಂಡ. ಅಂಥ ಮಗ ಸತ್ತವನಿಗೆ ಸಮ. ಅಪ್ಪ ಅವನಿಗಾಗಿ ಬಟ್ಟೆ ಹರಿದುಕೊಂಡು ಮಣೆಯ ಮೇಲೆ ಕೂತರು, ಸತ್ತವರಿಗೆ ಕೂರುವ ಹಾಗೇ. ಆಮೇಲೆ ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಯಾರಾದರೂ ಮತ ಬಿಟ್ಟವರ ಸುದ್ದಿ ಬಂದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ತಲೆ ಮೇಲೆ ಅವರ ನೀರು ಬಿದ್ದ ಕೂಡ್ಲೇ ಹೆಸರಿನ ನಡುವಿಂದ ಹಳೇ ಅಪ್ಪನ್ನ ಕಳಚಿಟ್ಟು ಹೊಸ ಅಪ್ಪನ್ನ ಹಾಕ್ಕೋತಾರೆ." ಅಣ್ಣ ಅದೇ ಊರಿನಲ್ಲಿದ್ದ. ದಾರಿಯಲ್ಲಿ ಕಂಡರೆ ಬ್ಲೂಮಾ ಎದುರು ಬದಿಗೆ ದಾಟುತ್ತಿದ್ದಳು. ದಾಟಿದ ಮೇಲೆ ಒಂದು ಸಲ ತಿರುಗಿ ನೋಡುತ್ತಿದ್ದಳು, ಅವನೂ ನೋಡುತ್ತಿದ್ದ.

ಪರವಾನಗಿಗಾಗಿ ಅವಳು ಅವನ ಮನೆಯ ಮೆಟ್ಟಿಲು ಹತ್ತಿದಾಗ ಅವನು ಏನೂ ಕೇಳದೆ ಸಹಿ ಹಾಕಿದ. ಹಣ ಬೇಡವೆಂದ. "ದಿನಾ ಒಂದು ಪತ್ರಿಕೆ ಕಳಿಸು, ಸಾಕು," ಎಂದ. ಮನೆಗೆ ಬಂದು ಅಪ್ಪನಿಗೆ ಏನು ಹೇಳುವುದು? ಸುಳ್ಳು ಹೇಳುವವರು ಸಣ್ಣದಾಗಿ ಹೇಳಬೇಕು. ಬ್ಲೂಮಾಳಿಗೆ ಆ ಕಲೆ ಗೊತ್ತಿರಲಿಲ್ಲ, ದೊಡ್ಡದನ್ನೇ ಹೇಳಿಬಿಟ್ಟಳು.

"ಪರವಾನಗಿ ನಿಮ್ಮ ಹೆಸರಲ್ಲೇ ಸಿಕ್ತು ಅಪ್ಪ. ದಿನಾ ಕೊನೇ ಸಾಲಲ್ಲಿ ಬರುತ್ತೆ."

ಮುದುಕ ಹಿಗ್ಗಿ ಹೋದರು. ಅವರ ಅಪ್ಪ ಪ್ರಾರ್ಥನೆಯ ಪುಸ್ತಕಗಳನ್ನು ಅಚ್ಚು ಹಾಕಿದವರು, ಇವರು ಪ್ರಾರ್ಥನೆಯ ಪುಸ್ತಕಗಳ ಜೊತೆಗೆ ವರ್ಷ ವರ್ಷದ ಪಂಚಾಂಗ. ತಮ್ಮ ಹೆಸರು ತಮ್ಮ ಅಚ್ಚಿನಲ್ಲಿ ಬಂದದ್ದೇ ಇಲ್ಲ. "ಇಷ್ಟು ವರ್ಷ ದೇವರ ಹೆಸರು ಅಚ್ಚು ಹಾಕ್ದೆ. ಈಗ ನಂದು ಬರ್ತಿದೆ. ಅವನೇನೂ ಬೇಜಾರು ಮಾಡ್ಕೊಳ್ಳಲ್ಲ ಬಿಡು," ಎನ್ನುತ್ತಿದ್ದರು. ದಿನಾ ಸಂಜೆ ಪತ್ರಿಕೆ ಕೈಗೆ ಬಂದೊಡನೆ ಮೊದಲು ಆ ಸಾಲಿನ ಮೇಲೆ ಹೆಬ್ಬೆರಳು ಸವರುತ್ತಿದ್ದರು. ಇಡೀ ಪತ್ರಿಕೆಯಲ್ಲಿ ಅವರಿಗೆ ಓದಲು ಬಾರದ್ದು ಅದೊಂದೇ ಸಾಲು. ಅವರು ಸವರುತ್ತಿದ್ದುದು ತಾವೇ ಮಣೆಯ ಮೇಲೆ ಕೂತು ಕಳೆದುಕೊಂಡ ಮಗನ ಹೆಸರನ್ನು. ಪ್ರತಿ ಸಲವೂ ಬ್ಲೂಮಾ ಏನಾದರೂ ನೆಪ ಮಾಡಿಕೊಂಡು ಕೋಣೆಯಿಂದ ಎದ್ದು ಹೋಗುತ್ತಿದ್ದಳು.

ಈಗ ಆ ಸುಳ್ಳು ಬೆಳೆದು ಕಾಲಿಗೆ ಸುತ್ತಿಕೊಂಡಿತ್ತು. ಚೆಲ್ಲಿದ ಮೊಳೆಗಳನ್ನು ಆರಿಸಿ ಮುಗಿಸುವ ಹೊತ್ತಿಗೆ ರೆಬ್ ಕಲ್ಮನ್‌ಗೆ ಅಧಿಕಾರಿಯ ನೆನಪು ಬಂತು. ಹೋದನಲ್ಲ, ಏನೆಂದ? ಬ್ಲೂಮಾಳಿಗೆ ಬೇರೇನೂ ಹೊಳೆಯದೆ, ಶುಕ್ರವಾರದವರೆಗೆ ಕಾಲಾವಕಾಶವಿದೆ ಎಂದಳು.

"ಶುಕ್ರವಾರ ಒಳ್ಳೇದೇ," ಎಂದರು ಮುದುಕ. "ಹೊರಡೋ ಮುಂಚೆ ಸ್ನಾನ ಮುಗಿಸ್ಕೋಬಹುದು."

ಅಂದಿನಿಂದ ಆ ಮನೆಯಲ್ಲಿ ನೆಮ್ಮದಿ ಎನ್ನುವುದು ಇರಲಿಲ್ಲ. ಅವರು ಗಂಟು ಕಟ್ಟುವರು, ಬಿಚ್ಚುವರು, ಮತ್ತೆ ಕಟ್ಟುವರು. ಪ್ರಾರ್ಥನೆಯ ಶಾಲು, ಉಣ್ಣೆಯ ಕಾಲುಚೀಲ, ಚಹಾಪುಡಿಯ ಪೊಟ್ಟಣ, ಸಕ್ಕರೆಯ ಗಡ್ಡೆ, ಒಣಗಿಸಿದ ಕಪ್ಪು ರೊಟ್ಟಿ. ಬೀದಿಯಲ್ಲಿ ಸಿಕ್ಕವರಿಗೆಲ್ಲ "ಶುಕ್ರವಾರ ಕೂರೋಕೆ ಹೊರಟೆ" ಎಂದು ಮದುವೆಗೆ ಕರೆಯುವವರ ಹಾಗೆ ಹೇಳಿಬಂದರು. ಪ್ರಾರ್ಥನೆಯ ಮನೆಯಲ್ಲಿ ಅವರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟರು. ಅವರನ್ನು ಅಷ್ಟು ಲವಲವಿಕೆಯಲ್ಲಿ ಬ್ಲೂಮಾ ಅಮ್ಮ ತೀರಿಹೋದ ಮೇಲೆ ನೋಡಿರಲಿಲ್ಲ. ಅದನ್ನು ನೋಡಿದಷ್ಟೂ ಅವಳಿಗೆ ಅನ್ನ ಸೇರಲಿಲ್ಲ.

"ಹೇಳಿಬಿಡಿ ಬ್ಲೂಮಕ್ಕ," ಎಂದ ಗೆತ್ಸ್ಲ್. ಆ ಸಾಲನ್ನು ದಿನಾ ಜೋಡಿಸುತ್ತಿದ್ದವನು ಅವನೇ, ಆದ್ದರಿಂದ ಅವನಿಗೆ ಎಲ್ಲ ಗೊತ್ತಿತ್ತು. "ಇಲ್ಲಾಂದ್ರೆ ಠಾಣೆ ಬಾಗ್ಲಲ್ಲಿ ಆ ಅಧಿಕಾರೀನೇ ಹೇಳ್ತಾನೆ. ಅವನ ಬಾಯಲ್ಲಿ ಕೇಳೋದಕ್ಕಿಂತ ನಿಮ್ಮ ಬಾಯಲ್ಲೇ ಕೇಳ್ಲಿ."

"ಹೇಳಿದ್ರೆ ಈ ಬಾಗ್ಲಿಗೆ ಪೊಲೀಸರು ಮುದ್ರೆ ಒತ್ತೋದೇ ಬೇಡ ಗೆತ್ಸ್ಲ್. ಅಪ್ಪನೇ ಮುಚ್ತಾರೆ. ಸತ್ತೋನ ಹೆಸರಲ್ಲಿ ಬಂದ ಪತ್ರಿಕೇನ ಅವರು ಮನೇಲಿ ಇಟ್ಕೋತಾರಾ?"

"ಹಂಗಾದ್ರೆ ಸತ್ತೋರ ಹತ್ರಾನೇ ಹೋಗಿ ಕೇಳಿ."

ಗುರುವಾರ ಮಧ್ಯಾಹ್ನ ಅವಳು ಹೋದಳು. ಊರಿನ ಅಗಲವಾದ ಬೀದಿಯಲ್ಲಿ, ಮರಗಳ ಸಾಲಿನ ಎದುರು ಯೂದ್ಲ್‌ನ ಕಚೇರಿ. ಕಪ್ಪು ಕೋಟು ಗೂಟಕ್ಕೆ ನೇತುಬಿದ್ದಿತ್ತು. ಮೇಜಿನ ಪಕ್ಕದಲ್ಲಿ ನೆಲದಿಂದ ಮೊಣಕಾಲಿನವರೆಗೆ 'ದಿನದ ದನಿ'ಯ ಪ್ರತಿಗಳನ್ನು ಪೇರಿಸಿದ್ದ.

"ಗಲಭೆ ಬಗ್ಗೆ ಚೆನ್ನಾಗಿ ಬರೆದಿದ್ದೀಯ," ಎಂದ. "ಎರಡನೇ ಕಾಲಂನಲ್ಲಿ ಒಂದು ತಪ್ಪಿದೆ. ದಾಲೆತ್ ಅಕ್ಷರದ ಬದಲು ರೇಶ್ ಕೂತಿದೆ."

"ಅಪ್ಪನೂ ಅದನ್ನೇ ಹೇಳಿದ್ರು."

ಅವನು ಪೇರಿಸಿದ್ದ ಪ್ರತಿಗಳ ಅಂಚನ್ನು ಸರಿಮಾಡಿದ. ನಲವತ್ತೈದು ದಾಟಿದ್ದ, ಕೆನ್ನೆಯ ಕೂದಲು ಬೆಳ್ಳಗಾಗಿತ್ತು. ಬ್ಲೂಮಾ ನಿಂತೇ ಎಲ್ಲವನ್ನೂ ಹೇಳಿದಳು. ಅಧಿಕಾರಿ ಬಂದದ್ದು, ಮೊಳೆ ಚೆಲ್ಲಿದ್ದು, ಅಪ್ಪನ ಗಂಟು. ಗಂಟಿನ ವಿಷಯ ಬಂದಾಗ ಅವನು ಎದ್ದು ಕೋಣೆಯಲ್ಲಿ ತಿರುಗಾಡತೊಡಗಿದ.

"ಅಂದ್ರೆ ನಾನು ಕೂರ್ಬೇಕು."

"ಹೂಂ."

"ಕೂತು ಎದ್ದು ಬಂದೋನಿಗೆ ಆ ಕೋಟು ವಾಪಸ್ ಕೊಡಲ್ಲ, ಗೊತ್ತಾ ನಿನಗೆ?" ಗೂಟದ ಕಡೆ ಕೈ ತೋರಿಸಿದ. "ಆ ಕೋಟಿಗೋಸ್ಕರ ನಾನು ಏನೇನು ಬಿಟ್ಟೆ ಅಂತ ಲೆಕ್ಕ ಹೇಳ್ಲಾ? ಅಮ್ಮ ಸತ್ತಾಗ ಸ್ಮಶಾನದ ಬೇಲಿ ಆಚೆ ನಿಂತಿದ್ದೆ. ಈಗ ಬಂದು ಕೋಟೂ ಬಿಡು ಅಂತೀಯ."

"ಹೂಂ, ಅಂತೀನಿ. ಬೇರೆ ಯಾರ ಹತ್ರ ಹೋಗ್ಲಿ?"

"ಅಪ್ಪ ಏಳು ದಿನ ನೆಲಕ್ಕೆ ಕೂತು ನನ್ನನ್ನ ಹೂತು ಹಾಕಿದ್ರಲ್ಲ ಬ್ಲೂಮಾ! ಏಳು ದಿನ! ಊರೆಲ್ಲ ಬಂದು ನೋಡ್ಕೊಂಡು ಹೋಯ್ತಂತೆ. ಹೂತ ಹೆಣದ ಹತ್ರ ಯಾರಾದ್ರೂ ಉಪಕಾರ ಕೇಳ್ತಾರೇನೇ?"

ಬ್ಲೂಮಾಳಿಗೂ ಸಿಟ್ಟು ಬಂತು. ಮೂರು ದಿನದಿಂದ ಹಿಡಿದಿಟ್ಟುಕೊಂಡದ್ದೆಲ್ಲ ಬಾಯಿಗೆ ಬಂತು.

"ಯಾವ ಏಳು ದಿನ? ಯಾರು ಹೇಳಿದ್ರು ನಿನಗೆ? ಒಂದು ಮಧ್ಯಾಹ್ನ ಕೂತಿದ್ದು, ಅಷ್ಟೇ. ಪೆಸಾಖ್ ಹಬ್ಬದ ಹಿಂದಿನ ಹೊತ್ತು. ನಾನೂ ಅಮ್ಮನೂ ಪಾತ್ರೆ ತೊಳೀತಿದ್ವಿ. ಇದ್ದಕ್ಕಿದ್ದ ಹಾಗೆ ಒಳಗೆ ಬಂದು, ಗೂಟದಲ್ಲಿದ್ದ ಮಸಿ ಹತ್ತಿದ ಹಳೇ ಅಂಗಿ ತಗೊಂಡು ಟರ್ ಅಂತ ಹರಿದು, ಮಣೆ ಹಾಕ್ಕೊಂಡು ಕೂತ್ರು. ಹಬ್ಬ ಮುಗಿಯೋವರೆಗಾದ್ರೂ ಕಾಯಕ್ಕಾಗಲಿಲ್ಲ, ಅಷ್ಟು ಸಿಟ್ಟಿತ್ತು ಅವರಿಗೆ ನಿನ್ನ ಮೇಲೆ!"

ಯೂದ್ಲ್ ನಿಂತುಬಿಟ್ಟ.

"ಹಬ್ಬದ ಹಿಂದಿನ ಹೊತ್ತು? ಸರಿಯಾಗಿ ನೆನಪಿದೆಯಾ?"

"ಯಾಕಿರಲ್ಲ? ಬೆಳಿಗ್ಗೆ ತಾನೇ ಹುಳಿರೊಟ್ಟಿ ಚೂರೆಲ್ಲ ಹುಡುಕಿ ಸುಟ್ಟಿದ್ವಿ."

"ಸಂಜೆ?"

"ಸಂಜೆ ಅಮ್ಮ ದೀಪ ಹಚ್ಚಿದ್ಲು, ಅವರು ಎದ್ರು. ಹಬ್ಬದ ಊಟಕ್ಕೆ ಕೂತ್ವಿ."

"ಆಮೇಲೆ ಕೂರಲಿಲ್ಲ?"

"ಹೇಗೆ ಕೂರ್ತಾರೆ? ಕೂತ ಮೇಲೆ ಹಬ್ಬ ಬಂತು ಅಂದ್ರೆ ಸೂತಕ ಅಲ್ಲಿಗೆ ಮುಗೀತು. ಒಂದೇ ಗಳಿಗೆ ಕೂತಿದ್ರೂ ಸರಿ, ಉಳಿದಿದ್ದನ್ನ ಹಬ್ಬ ಅಳಿಸಿಹಾಕುತ್ತೆ. ಮತ್ತೆ ಕೂರೋ ಹಾಗಿಲ್ಲ. ಶಾಸ್ತ್ರ ಅದು, ನಿನಗೆ ಗೊತ್ತಿ..."

ಬ್ಲೂಮಾ ಮಾತು ನಿಲ್ಲಿಸಿದಳು. ತಾನು ಹೇಳುತ್ತಿದ್ದುದು ತನ್ನ ಕಿವಿಗೇ ಈಗ ಕೇಳಿಸಿದ ಹಾಗಾಯಿತು.

"ನಾನು ನೀರು ಹಾಕಿಸ್ಕೊಂಡಿದ್ದು ಹಿಮ ಬೀಳೋ ಕಾಲದಲ್ಲಿ," ಎಂದ ಯೂದ್ಲ್ ನಿಧಾನವಾಗಿ. "ಪೆಸಾಖ್ ಬರೋ ಹೊತ್ತಿಗೆ ಹಿಮ ಎಲ್ಲ ಕರಗಿತ್ತು."

"ಎಲ್ರೂ ಬಂದು ಬಂದು ಹೇಳ್ತಿದ್ರು. ಕೂರಿ ರೆಬ್ ಕಲ್ಮನ್, ಊರೇನನ್ನುತ್ತೆ, ಕೂರಿ. ಅಪ್ಪ ಪ್ರತಿ ಸಲ, 'ಬರೀ ಬಾಯಿಸುದ್ದಿ, ಖಚಿತ ಆಗ್ಲಿ' ಅಂತಿದ್ರು. ನಾನು ಅವರಿಗೆ ನಂಬಿಕೆ ಬಂದಿಲ್ಲ ಅಂತ..."

"ಪಂಚಾಂಗ ಅಚ್ಚು ಹಾಕೋ ಮನುಷ್ಯ ಬ್ಲೂಮಾ! ವರ್ಷ ವರ್ಷ ಪಂಚಾಂಗ ಅಚ್ಚು ಹಾಕ್ತಿದ್ದ ಮನುಷ್ಯನಿಗೆ ಸಂಜೆಗೇ ಹಬ್ಬ ಅಂತ ಗೊತ್ತಿರಲಿಲ್ವಾ?"

ಅವನು ಕಿಟಕಿಯ ಕಡೆ ತಿರುಗಿ ನಿಂತ. ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಬ್ಲೂಮಾಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಅಪ್ಪನ ಸಿಟ್ಟೆಂದು ತಾನು ನೆನಪಿಟ್ಟುಕೊಂಡದ್ದು ಏನಾಗಿತ್ತು ಎಂದು ನೆನೆದು ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಮುದುಕ ಶಾಸ್ತ್ರವನ್ನೂ ಬಿಡದೆ ಮಗನನ್ನೂ ಪೂರ್ತಿ ಹೂಳದೆ, ಇಡೀ ಊರಿನ ಕಣ್ಣಿಗೆ ಮಣ್ಣೆರಚಿ, ಅದನ್ನು ಹೆಂಡತಿಗೂ ಹೇಳದೆ ಕೂತಿದ್ದರು.

ಯೂದ್ಲ್ ಮುಖ ಒರೆಸಿಕೊಂಡು ತಿರುಗಿದ.

"ಹರಿದಿದ್ದು ಹಳೇ ಅಂಗೀನಾ?"

"ಅಚ್ಚುಮನೇದು. ಅಮ್ಮ ಒರೆಸೋ ಬಟ್ಟೆ ಮಾಡ್ಬೇಕು ಅಂತಿಟ್ಟಿದ್ಲು."

"ಕಳ್ಳ," ಎಂದ. ಅಪ್ಪನನ್ನು ಹಾಗೆ ಅನ್ನುವಾಗ ಅವನ ದನಿ ಹುಡುಗನದಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಮಧ್ಯಾಹ್ನ ಅಂದ್ರೆ ಎಷ್ಟು ಹೊತ್ತಿಗೆ ಬರ್ಬೇಕಂತೆ?" ಎಂದು ಕೇಳಿದ.

ಶುಕ್ರವಾರ ಬ್ಲೂಮಾ ಠಾಣೆಯ ಎದುರಿನ ಬದಿಯಲ್ಲಿ ನಿಂತು ಅಣ್ಣ ಒಳಗೆ ಹೋಗುವುದನ್ನು ನೋಡಿದಳು. ಕಪ್ಪು ಕೋಟು ಹಾಕಿರಲಿಲ್ಲ, ಬರಿಗೈಯಲ್ಲಿದ್ದ. ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದ. ಈ ಸಲ ಅವಳು ಬೀದಿ ದಾಟಿ ಅವನ ಕಡೆಗೇ ಓಡಿದಳು, ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಮನೆಗೆ ಬಂದರೆ ಅಂಗಳದ ತುಂಬ ಜನ. ರೆಬ್ ಕಲ್ಮನ್ ವಾರದ ಪವಿತ್ರ ದಿನವಾದ ಸಬ್ಬತ್‌ನ ಕೋಟು ತೊಟ್ಟು, ಗಡ್ಡ ಬಾಚಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅಚ್ಚುಮನೆಯ ಹೊಸ್ತಿಲಲ್ಲಿ ಚಡಪಡಿಸುತ್ತಿದ್ದರು.

"ಎಲ್ಲಿಗೆ ಹೋಗಿದ್ದೆ? ಹೊತ್ತಾಯ್ತು. ಕೂರೋಕೆ ಹೋಗೋನು ತಡವಾಗಿ ಹೋದ್ರೆ ಹೆದರ್ಕೊಂಡ ಅಂತಾರೆ."

"ಒಳಗೆ ಬನ್ನಿ ಅಪ್ಪ."

ಗೆತ್ಸ್ಲ್ ಅರ್ಥಮಾಡಿಕೊಂಡು ಜನರನ್ನು ಅಂಗಳದಲ್ಲೇ ತಡೆದ. ಬಾಗಿಲು ಹಾಕಿಕೊಂಡ ಮೇಲೆ ಬ್ಲೂಮಾ ಹೇಳಿದಳು:

"ನೀವು ಹೋಗೋದು ಬೇಡ. ಕೂರಬೇಕಾದವರು ಕೂತಾಯ್ತು."

"ಬೇರೆಯವರು ಹೇಗೆ ಕೂರ್ತಾರೆ? ಹೆಸರಿರೋದು ನಂದು."

"ನಿಮ್ಮದಲ್ಲ ಅಪ್ಪ. ನಾನು ಸುಳ್ಳು ಹೇಳಿದ್ದೆ."

ಮುದುಕನ ಹೆಬ್ಬೆರಳು ಗಂಟಿನ ಮೇಲೆ ಆಡುತ್ತಿದ್ದದ್ದು ನಿಂತಿತು. "ಯಾರದು?"

ಹೇಳಬೇಕಾದದ್ದು ಒಂದೇ ಹೆಸರು. ಇಪ್ಪತ್ತನಾಲ್ಕು ವರ್ಷದಿಂದ ಆ ಗೋಡೆಗಳು ಕೇಳದ ಹೆಸರು. ಬ್ಲೂಮಾ ನಿನ್ನೆಯ ಪತ್ರಿಕೆ ತೆಗೆದು, ತಾನಾಗಿ ಹೇಳುವ ಧೈರ್ಯ ಸಾಲದೆ ಕೊನೆಯ ಸಾಲನ್ನು ಓದಿದಳು, ಚಿಕ್ಕದು ಮಾಡಿದ ಅಕ್ಷರಗಳನ್ನು ಬಿಡಿಸಿ.

"ಜವಾಬ್ದಾರಿ ಸಂಪಾದಕ, ಯೂದೆಲ್ ಕಾಲ್ಮನೊವಿಚ್ ಲೆವ್ಕೊವ್."

ಅಪ್ಪ ಈಗ ಕೂಗುತ್ತಾರೆ, ಪತ್ರಿಕೆ ಹರಿಯುತ್ತಾರೆ, ಯಂತ್ರಕ್ಕೆ ಬೀಗ ಹಾಕು ಎನ್ನುತ್ತಾರೆ ಎಂದು ಅವಳು ಕಾದಳು. ರೆಬ್ ಕಲ್ಮನ್ ಮಂದ ಕಿವಿಯನ್ನು ಅವಳ ಕಡೆ ತಿರುಗಿಸಿದರು.

"ನಡುವಿಂದು ಇನ್ನೊಂದು ಸಲ ಓದು."

"ಕಾಲ್ಮನೊವಿಚ್. ಕಲ್ಮನ್‌ನ ಮಗ."

"ಹಾಗೇ ಬರೆಸಿದಾನಾ? ಅವರ ಕಾಗದದಲ್ಲೂ?"

"ಎಲ್ಲಾ ಕಡೆ ಹಾಗೇ ಇದೆ ಅಪ್ಪ. ಅವನು ಬದಲಾಯಿಸಿಲ್ಲ."

ಹೊರಗೆ ಗೆತ್ಸ್ಲ್ ಯಾರೊಂದಿಗೋ ತಮಾಷೆ ಮಾಡುತ್ತಿರುವುದು ಕೇಳಿಸುತ್ತಿತ್ತು. ಮುದುಕ ಗಂಟು ಬಿಚ್ಚಿ, ಪ್ರಾರ್ಥನೆಯ ಶಾಲನ್ನು ಹೊರಗೆ ತೆಗೆದರು. ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು, ಮತ್ತೆ ಬಿಡಿಸಿದರು. ಕೊನೆಗೆ ಅದನ್ನೂ ಕಾಲುಚೀಲದ ಪಕ್ಕದಲ್ಲೇ ತುರುಕಿ ಗಂಟು ಬಿಗಿದು ಮಗಳ ಕೈಗೆ ಕೊಟ್ಟರು.

"ಗೆತ್ಸ್ಲ್ ಹತ್ರ ಕಳಿಸು. ಸಬ್ಬತ್ ದೀಪ ಹಚ್ಚೋಕೆ ಮುಂಚೆ ಮುಟ್ಟಲಿ. ಎಷ್ಟು ದಿನ ಅಂತೆ?"

"ಮೂರು ತಿಂಗಳು."

"ಮೂರು ತಿಂಗಳಾ!" ಅವರು ಬೆರಳು ಮಡಿಸುತ್ತಾ ಪಂಚಾಂಗ ಎಣಿಸಿದರು. "ನಡುವೆ ಹೊಸ ವರ್ಷದ ಹಬ್ಬ ಬರುತ್ತಲ್ಲೇ. ಅಲ್ಲಿ ಹಬ್ಬ ಬಂದ್ರೆ ಎಬ್ಬಿಸಲ್ವಾ?"

"ಇಲ್ಲ ಅಪ್ಪ. ಅಲ್ಲಿ ಎಬ್ಬಿಸಲ್ಲ," ಎಂದಳು ಬ್ಲೂಮಾ. ಅವಳಿಗೆ ಅಳು ತಡೆಯಲಾಗಲಿಲ್ಲ. ಮುದುಕ ಅವಳ ಕಡೆ ಒಮ್ಮೆ ಮುಖ ಎತ್ತಿದರು. ಮಗಳಿಗೆ ಗೊತ್ತಾಗಿದೆ ಎಂದು ಅವರಿಗೆ ತಿಳಿಯಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಅವರು ಕೋಟು ಬಿಚ್ಚಿ, ತೋಳು ಮಡಿಸಿ, ಮೂಲೆಯಲ್ಲಿದ್ದ ರಷ್ಯನ್ ಮೊಳೆಗಳ ಸಣ್ಣ ಪೆಟ್ಟಿಗೆಯ ಹತ್ತಿರ ಹೋದರು. ಹುಟ್ಟಿದಾರಭ್ಯ ಮುಟ್ಟದ ಪೆಟ್ಟಿಗೆ. ಪತ್ರಿಕೆಯ ಸಾಲನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದು ಆಕಾರವನ್ನೂ ಬೆರಳಿನಿಂದ ತಡವಿ ಹುಡುಕಿ, ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಕೂರಿಸತೊಡಗಿದರು. ಬ್ಲೂಮಾ ನೆರವಿಗೆ ಹೋದರೆ ಮೊಣಕೈಯಿಂದ ತಳ್ಳಿದರು. ನಡುವಿನ ಅಕ್ಷರಕ್ಕೆ ಬಂದಾಗ ಮಾತ್ರ, "ಇದೇ ತಾನೇ ನಂದು?" ಎಂದು ಕೇಳಿ, ಹೌದೆನಿಸಿಕೊಂಡರು.

ಗೆತ್ಸ್ಲ್ ಗಂಟು ಮುಟ್ಟಿಸಿ ಬಂದು ಭಾನುವಾರದ ಸಂಚಿಕೆಯ ಕರಡಚ್ಚು ತೆಗೆದ. ಕೊನೆಯ ಸಾಲು ನೋಡಿ ಬ್ಲೂಮಾಳನ್ನು ಪಕ್ಕಕ್ಕೆ ಕರೆದ.

"ಬ್ಲೂಮಕ್ಕ, ಯಜಮಾನ್ರು ನಮ್ಮ ಕಡೆಯಿಂದ ಜೋಡಿಸಿಬಿಟ್ಟಿದಾರೆ. ಬಲದಿಂದ ಎಡಕ್ಕೆ. ಇಡೀ ಸಾಲು ಹಿಂದುಮುಂದು."

ಬ್ಲೂಮಾ ನೋಡಿದಳು. ಸಾಲು ಬಲತುದಿಯಲ್ಲಿ ಶುರುವಾಗಿ, ಅಣ್ಣನ ಅಕ್ಷರ, ಅಪ್ಪನ ಅಕ್ಷರ ದಾಟಿ, ಎಡತುದಿಯಲ್ಲಿ ಮನೆತನದ ಹೆಸರಿನಿಂದ ಮುಗಿದಿತ್ತು. ಪ್ರಾರ್ಥನೆಯ ಪುಸ್ತಕದ ಸಾಲಿನ ಹಾಗೆ.

"ಹಾಗೇ ಹೋಗ್ಲಿ."

"ಆ ಅಧಿಕಾರಿ ಮತ್ತೆ ಬಂದ್ರೆ?"

"ಬಂದ್ರೆ ನಮ್ಮ ಕಡೆಯಿಂದ ಓದೋದು ಕಲೀಲಿ."

ಸಬ್ಬತ್‌ಗೆ ಹೊತ್ತಾಗುತ್ತಿತ್ತು. ಜೋಡಿಸುವವರು ಒಬ್ಬೊಬ್ಬರೇ ಮನೆಗೆ ಹೊರಟರು. ರೆಬ್ ಕಲ್ಮನ್ ಒಬ್ಬರೇ ಅಚ್ಚಿನ ಚೌಕಟ್ಟಿನ ಮೇಲೆ ಬಾಗಿ, ಮಸಿ ಆರದ ಆ ಸಾಲಿನ ನಡುವೆ ಹೆಬ್ಬೆರಳನ್ನು ಒತ್ತಿ ನಿಂತಿದ್ದರು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ, ಹಬ್ಬದ ದಿನದ ಹಾಗೆ ಬೂದಿ ಹಾಕಿ ಉಜ್ಜಿ ಎರಡೂ ಕೈ ತೊಳೆದುಕೊಂಡರು, ಆ ಅಕ್ಷರ ಮೂಡಿದ್ದ ಬಲಗೈಯ ಹೆಬ್ಬೆರಳೊಂದನ್ನು ಮಾತ್ರ ನೀರಿನಿಂದ ಆಚೆಗೆ ಎತ್ತಿ ಹಿಡಿದು.